ಗೆರೆಯ ಹೊರಗಿನ ಭತ್ತ

ಭತ್ತದ ಕೊಯ್ಲು ಮುಗಿಯುತ್ತ ಬಂದಿತ್ತು. ಅಕ್ಕಿಆಲೂರಿನಿಂದ ಮೂರು ಮೈಲಿ ಈಚೆಗಿರುವ ನಮ್ಮೂರಿನಲ್ಲಿ ಈ ಹೊತ್ತಿಗೆ ಹೆಂಗಸರೆಲ್ಲ ಸೆಗಣಿಬುಟ್ಟಿ ಹೊತ್ತು ಕಣ ಸಾರಿಸುವ ಗಡಿಬಿಡಿಯಲ್ಲಿರಬೇಕು. ಕರೆವ್ವ ಮಾತ್ರ ಒಳಾಂಗಣ ಕ್ರೀಡಾಂಗಣದಲ್ಲಿ ಪುಕ್ಕ ಗುಡಿಸುತ್ತಿದ್ದಳು.

ರಹಿಮಾಬಿ ಹುಲ್ಲಿನ ಹೊರೆಯನ್ನು ಬಾಗಿಲಲ್ಲಿ ಇಳಿಸಿ ಕೂತು ಕೇಳಿದಳು: "ಇವತ್ತೇನು ಸಿಕ್ತಬೇ ಯಕ್ಕಾ?"

"ಹದಿನಾಕು ಪುಕ್ಕ. ಒಂದು ಉಡಿ ಶೇಂಗಾ ಸಿಪ್ಪಿ. ಒಂದು ಕಾಲುಚೀಲ."

"ಪುಕ್ಕ ಐತಿ ಅಂದ್ರ ಕೋಳಿ ಎಲ್ಲಿ?"

"ಇಲ್ಲಿ ಬರೇ ಪುಕ್ಕ ಹಾರತಾವು. ಕೋಳಿ ಸಾಹೇಬ್ರ ಮನ್ಯಾಗ."

ಇಬ್ಬರೂ ನಕ್ಕರು. ತಗಡಿನ ಮಾಡು ಆ ನಗುವನ್ನು ಮೂರು ಸಲ ವಾಪಸು ಕಳಿಸಿತು.

ಮೊದಲು ಅಲ್ಲಿ ಊರ ಕಣವಿತ್ತು. ಎಕರೆ ಎರಡು ಎಕರೆಯವರೆಲ್ಲ ಅಲ್ಲೇ ಒಕ್ಕುತ್ತಿದ್ದರು. ಕರೆವ್ವನಿಗೆ ಹೊಲವಿರಲಿಲ್ಲ. ಅವಳ ಅತ್ತೆ ಕಣ ಸಾರಿಸುತ್ತಿದ್ದಳು, ಆಮೇಲೆ ಅವಳು. ರಾಶಿಯಾದ ಮೇಲೆ ಒಡೆಯ ಅದರ ಸುತ್ತ ಬೂದಿಯ ಗೆರೆ ಎಳೆಯುತ್ತಿದ್ದ. ಗೆರೆಯ ಒಳಗಿನದು ಅವನದು. ಹೊರಗೆ ಉಳಿದದ್ದು ಸಾರಿಸಿದವಳದು. ಸುಗ್ಗಿ ಮುಗಿಯುವ ಹೊತ್ತಿಗೆ ಅವಳ ಗುಡಿಸಲಿನಲ್ಲಿ ನಾಲ್ಕು ಚೀಲ ಭತ್ತ ಕೂಡುತ್ತಿತ್ತು. ಅವಳೂ ಕಾಲು ಮುರಿದ ಗಂಡ ಭರಮಪ್ಪನೂ ಮಳೆಗಾಲ ದಾಟುತ್ತಿದ್ದದ್ದು ಅದರಲ್ಲಿ.

ಎಂಬತ್ತೆರಡರಲ್ಲಿ ಸರ್ಕಾರ ನಾಲ್ಕು ತಾಲ್ಲೂಕಿಗೆ ಸೇರಿ ಒಂದು ಕ್ರೀಡಾಂಗಣ ಕೊಟ್ಟಿತು. ಆಟವೂ ಆಗಬೇಕು, ಸಂಗೀತ ಕಚೇರಿಯೂ ಆಗಬೇಕು. ಹಾನಗಲ್ಲಿನವರು ತಮಗೆ ಬೇಕೆಂದರು. ಹಿರೇಕೆರೂರಿನವರು ಬಸ್ಸು ತಡೆದರು. ಸವಣೂರಿನವರು ತಮ್ಮೂರಿನ ಹೆಸರಾದ ಖಾರದ ತಿಂಡಿ ಹಂಚಿ ಮೆರವಣಿಗೆ ಮಾಡಿದರು. ಶಿಗ್ಗಾಂವಿಯವರು ಅರ್ಜಿಯ ಮೇಲೆ ಅರ್ಜಿ ಬರೆದರು. ಮಾರ್ಚಿ ಮುಗಿದರೆ ದುಡ್ಡು ವಾಪಸು. ಕೇಳದೇ ಇದ್ದವರಿಗೆ ಕೊಟ್ಟರೆ ಯಾರಿಗೂ ಸಿಟ್ಟು ಬರುವುದಿಲ್ಲವೆಂದು ನಮ್ಮೂರಿಗೆ ಕೊಟ್ಟರು. ನಮ್ಮೂರಿಗೆ ದಿನಕ್ಕೆ ಎರಡು ಬಸ್ಸು. ಜನ ಎಂಟುನೂರು, ಎದೆಹಾಲು ಕುಡಿಯುವ ಕೂಸು ಸೇರಿ. ಕುರ್ಚಿ ಸಾವಿರ ಬಂದವು.

ಇಂಜಿನಿಯರು ಕಣ ನೋಡಿ, "ಎಷ್ಟು ಸಪಾಟ ಐತ್ರಿ!" ಎಂದು ಬೆರಗಾದ. ಮೂರು ತಲೆಮಾರಿನ ಹೆಂಗಸರ ಅಂಗೈ ಅದು. ಅವನು ನೆಲ ಸಪಾಟು ಮಾಡಿದ ಖರ್ಚನ್ನೂ ಬಿಲ್ಲಿಗೆ ಸೇರಿಸಿದ.

ಉದ್ಘಾಟನೆಗೆ ಧಾರವಾಡದ ಗಾಯಕರೊಬ್ಬರು ಬಂದರು. ಅವರು ಒಂದು ಸಲ ಹಾಡಿದ್ದು ನಮಗೆ ಮೂರು ಸಲ ಕೇಳಿತು. ಅವರು ಶಾಲು ಹೊದ್ದು ಕಾರು ಹತ್ತುವಾಗಲೂ ಒಳಗೆ ಹಾಡು ನಡೆದೇ ಇತ್ತು ಎಂದು ಊರವರು ಇಂದಿಗೂ ಹೇಳುತ್ತಾರೆ. ಆಮೇಲೆ ಸಂಗೀತದವರು ಈ ಕಡೆ ಹಾಯಲಿಲ್ಲ. ಅಕ್ಕಿ ಗಿರಣಿಯ ಕುಬೇರಪ್ಪ ಸಾಹುಕಾರರು ಕ್ರೀಡಾಂಗಣ ಕಮಿಟಿಯ ಅಧ್ಯಕ್ಷರಾದರು. ಅವರೂ ಮೂವರು ಸಾಹೇಬರೂ ಸಂಜೆ ಬಂದು ಪುಕ್ಕದ ಚೆಂಡು ಆಡತೊಡಗಿದರು.

ಕರೆವ್ವ ಸಾಹುಕಾರರ ಮುಂದೆ ನಿಂತು ಕೇಳಿದ್ದಳು. "ಕಣ ಹೋತ್ರಿ ಸಾವ್ಕಾರ್ರ. ನಮ್ಮ ಹೊಟ್ಟಿಗೇನು ಮಾಡ್ತೀರಿ?"

"ಎಲ್ಲಿ ಹೋತಬೇ? ಅಲ್ಲೇ ಐತಿ. ಮ್ಯಾಲೆ ತಗಡು ಬಂದೈತಿ ಅಷ್ಟ. ಮೊದ್ಲಿನಂಗ ಕಸ ಹೊಡಿ. ಉಳದದ್ದು ಮೊದ್ಲಿನಂಗ ನಿಂದ."

"ಪಗಾರ್ರೀ?"

"ಕಣಕ್ಕ ಪಗಾರ ಇತ್ತೇನು?"

ಕಮಿಟಿಯ ಗುಮಾಸ್ತ ಪ್ರಹ್ಲಾದ ಅಲ್ಲೇ ಕೂತಿದ್ದ. ಸವಣೂರಿನ ಮಠದ ಓಣಿಯವನು. ಕಾಗದದಲ್ಲಿ ಬರೆದದ್ದು ನಡೆಯುತ್ತದೆ ಎಂದು ನಂಬುವ ವಯಸ್ಸು.

"ಪಗಾರ ಇಲ್ಲಂದ್ರ ಯಾಕಿಲ್ಲಂತ ಬರದು ಇಡಬೇಕಾಗ್ತದ್ರೀ. ಆಡಿಟಿನವರು ಕೇಳ್ತಾರ."

"ಬರೀರಿ ರಾಯರ. ಸಿಪ್ಪಿ, ಪುಕ್ಕ, ಬೀಡಿ ತುಂಡು, ಎಲ್ಲಾ ಈಕಿ ಆಸ್ತಿ ಅಂತ ಬರೀರಿ!"

ಪ್ರಹ್ಲಾದ ಚೊಕ್ಕವಾಗಿ ಬರೆದ: 'ಸಂಜೆ ಆರು ಗಂಟೆಯ ನಂತರ ಅಂಗಣದ ನೆಲದ ಮೇಲೆ ಉಳಿದದ್ದು, ಅದು ಯಾವುದೇ ವಸ್ತುವಾಗಿರಲಿ, ಹಿಂದಿನ ಕಣದ ಪದ್ಧತಿಯಂತೆ ಕರೆವ್ವನಿಗೆ ಸೇರತಕ್ಕದ್ದು.' ಸಾಹುಕಾರರು ನಗುತ್ತಲೇ ಸಹಿ ಹಾಕಿದರು. ಕಮಿಟಿಯ ರಬ್ಬರು ಸಿಕ್ಕೆಯೂ ಬಿತ್ತು. ಬಾಗಿಲ ಕೀಲಿಯೊಂದನ್ನು ಕರೆವ್ವನ ಕೈಗಿಟ್ಟರು.

ಆ ಮಳೆಗಾಲ ಭರಮಪ್ಪ ಶೇಂಗಾ ಸಿಪ್ಪೆ ಉರಿಸಿ ಗಂಜಿ ಕಾಸಿದ. ಸಿಪ್ಪೆ ಸಾಕಷ್ಟಿತ್ತು, ಗಂಜಿಗೆ ಹಾಕಲು ನುಚ್ಚಿರಲಿಲ್ಲ. ಕರೆವ್ವನ ಅವ್ವ ಕೊಟ್ಟ ಹಿತ್ತಾಳೆ ಕೊಡ ಅಕ್ಕಿಆಲೂರಿನ ಸಂತೆಗೆ ಹೋಯಿತು. ಕರೆವ್ವ ದಿನಾ ಮೂಲೆಯಲ್ಲಿ ನಿಂತು ಆಟ ನೋಡುತ್ತಿದ್ದಳು. ಪುಕ್ಕ ಬಿಳಿ ಗೆರೆಯ ಆಚೆ ಬಿದ್ದರೆ ಸಾಹುಕಾರರು "ಔಟು!" ಎಂದು ಕೂಗುತ್ತಿದ್ದರು. ಅದು ಎದುರಿನವರು ಹೊಡೆದದ್ದಾಗಿದ್ದರೆ ಇನ್ನೂ ಜೋರಾಗಿ ಕೂಗುತ್ತಿದ್ದರು.

ಈಗ ಎರಡನೆಯ ಸುಗ್ಗಿ. ಕಣವಿಲ್ಲದವರು ಡಾಂಬರು ರಸ್ತೆಯ ಮೇಲೆ ಒಕ್ಕುತ್ತಿದ್ದರು. ಆ ವಾರವೇ ಅಕಾಲದ ಮಳೆ ಹಿಡಿಯಿತು. ಶಾರವ್ವ ತನ್ನ ಎಕರೆಯ ಭತ್ತವನ್ನು ಗೋಣಿಯಲ್ಲಿ ಹೊತ್ತು ಕ್ರೀಡಾಂಗಣದ ಬಾಗಿಲಿಗೆ ಬಂದಳು. ಹಿಂದೆ ಇನ್ನೂ ಹತ್ತು ಹೆಂಗಸರು.

"ಎರಡ ದಿನ ಒಳಗ ಹರವತೇವ್ರಿ ಸಾವ್ಕಾರ್ರ. ಮೊಳಕಿ ಒಡಿಯಾಕತ್ತೈತಿ."

"ಇದು ಆಟದ ಜಾಗಾ. ಬತ್ತ ತಂದ್ರ ನೆಲ ಕೆಡತೈತಿ. ಸರ್ಕಾರಕ್ಕ ಯಾರು ಉತ್ರಾ ಹೇಳಬೇಕು?"

ಶಾರವ್ವನ ಭತ್ತ ಚೀಲದೊಳಗೇ ಹಸಿರಾಯಿತು.

ಮರುದಿನ ಬೆಳಿಗ್ಗೆ ಗಿರಣಿಯ ಟ್ರಾಕ್ಟರು ಕ್ರೀಡಾಂಗಣದ ಮುಂದೆ ನಿಂತಿತು. ಸಾಹುಕಾರರ ಅಂಗಳದಲ್ಲಿ ನೆನೆದ ಭತ್ತವೆಲ್ಲ ಒಳಗೆ ಬಂತು. ಸಾವಿರ ಕುರ್ಚಿ ಮಳೆಗೆ ಹೊರಬಿದ್ದವು. ಗೋಡೆಯಿಂದ ಗೋಡೆಗೆ ಪಾದ ಮುಳುಗುವಷ್ಟು ಭತ್ತ ಹರವಿ, ಸಾಹುಕಾರರು ಬೀಗ ಹಾಕಿ ಹೋದರು. ಕರೆವ್ವನ ಹತ್ತಿರವೂ ಒಂದು ಕೀಲಿ ಇದೆ ಎಂಬುದು ಅವರ ನೆನಪಿನಲ್ಲಿರಲಿಲ್ಲ. ಕಸ ಹೊಡೆಯುವವಳ ಕೀಲಿ ಯಾರ ನೆನಪಿನಲ್ಲಿರುತ್ತದೆ?

ಸಂಜೆ ಆರು ಬಡಿಯಿತು. ಕರೆವ್ವ ಬಾಗಿಲು ತೆಗೆದಳು. ಹಿಂದೆ ಕಸಬರಿಗೆ, ಮೊರ, ಗೋಣಿಚೀಲ ಹಿಡಿದ ಹನ್ನೆರಡು ಹೆಂಗಸರು. ಸುದ್ದಿ ಗಿರಣಿಗೆ ಮುಟ್ಟಿ ಸಾಹುಕಾರರು ಓಡಿ ಬಂದರು. ಪ್ರಹ್ಲಾದ ಬಗಲಲ್ಲಿ ಫೈಲು ಇಟ್ಟುಕೊಂಡು ಅವರ ಹಿಂದೆ.

"ಕಳ್ಳಮುಂಡ್ಯಾರ! ಯಾರ ಬತ್ತ ಅಂತ ಮುಟ್ಟಾಕತ್ತೀರಿ?"

"ರಾಯರ, ಆ ಕಾಗದ ಓದ್ರಿ," ಎಂದಳು ಕರೆವ್ವ.

ಪ್ರಹ್ಲಾದ ಸಾಹುಕಾರರ ಮುಖ ನೋಡಿದ. ಹೆಂಗಸರ ಮುಖ ನೋಡಿದ. ಆಮೇಲೆ ಓದಿದ. 'ಯಾವುದೇ ವಸ್ತುವಾಗಿರಲಿ' ಎಂಬಲ್ಲಿ ಅವನ ದನಿ ಸಣ್ಣದಾಯಿತು. ಆದರೆ ಮಾಡು ಅದನ್ನು ಮೂರು ಸಲ ಎತ್ತಿ ಹೇಳಿತು.

"ಅದು ಕಸಕ್ಕ ಬರದದ್ದಬೇ!"

"ಕಣದ ಪದ್ಧತಿ ಅಂತ ಐತ್ರಿ. ಬೂದಿ ಗೆರಿ ಎಲ್ಲೈತಿ ತೋರಸ್ರಿ. ನಾವು ಮುಟ್ಟೂದಿಲ್ಲ."

ಸಾಹುಕಾರರು ಗೆರೆ ಎಳೆಸಿರಲಿಲ್ಲ. ಬೀಗವಿದ್ದಲ್ಲಿ ಬೂದಿ ಯಾಕೆ ಎಂದುಕೊಂಡಿದ್ದರು. ಅವರ ಅಪ್ಪ ಬದುಕಿರುವವರೆಗೆ ಗೆರೆಯಿಲ್ಲದ ರಾಶಿ ಬಿಟ್ಟು ಊಟಕ್ಕೂ ಏಳುತ್ತಿರಲಿಲ್ಲ. ಅವರು ಸುತ್ತ ನೋಡಿದರು. ತಟ್ಟನೆ ಹೊಳೆಯಿತು.

"ಐತಲ್ಲ! ನೆಲದ ಮ್ಯಾಲೆ ಬಿಳಿ ಗೆರಿ ಐತಲ್ಲ? ಅದ ನನ್ನ ಬೂದಿ ಗೆರಿ. ರಾಯರ, ಹಂಗಂತ ಬರಕೊಳ್ರಿ."

ಪ್ರಹ್ಲಾದ ಬರೆದುಕೊಂಡ.

"ಆತ್ರಿ," ಎಂದಳು ಕರೆವ್ವ. "ನಿಮ್ಮ ಮಾತ ಇರ್ಲಿ."

ಅವಳು ಭತ್ತದಲ್ಲಿ ಇಳಿದಳು. ಎರಡು ವರ್ಷ ಗುಡಿಸಿದ ನೆಲ, ಗೆರೆ ಎಲ್ಲಿದೆಯೆಂದು ಕಾಲಿಗೇ ಗೊತ್ತಿತ್ತು. ನಡುವೆ ನಿಂತು ಕಸಬರಿಗೆ ಎಳೆದಳು. ಬಿಳಿ ಗೆರೆ ಎದ್ದು ಬಂತು. ಹಾಗೇ ಹಿಂದೆ ಸರಿಯುತ್ತ ಸುತ್ತ ಬಿಡಿಸಿದಳು. ಅಷ್ಟು ದೊಡ್ಡ ಅಂಗಣದಲ್ಲಿ ಗೆರೆಯ ಒಳಗೆ ಬಂದದ್ದು ನಡುವಿನ ಒಂದು ತುಂಡು.

"ಒಳಗಿಂದು ನಿಮ್ದು. ಒಂದು ಕಾಳು ಮುಟ್ಟೂದಿಲ್ಲ. ಗೆರಿ ದಾಟಿ ಹೊರಗ ಬಿದ್ದದ್ದಕ್ಕ ಏನಂತೀರಿ ಸಾವ್ಕಾರ್ರ? ದಿನಾ ನೀವ ಒದರತೀರಿ."

ಸಾಹುಕಾರರು ಪ್ರಹ್ಲಾದನ ಫೈಲಿನ ಕಡೆ ತಿರುಗಿದರು.

"ಔಟು!" ಎಂದಳು ರಹಿಮಾಬಿ.

"ಔಟು!" ಎಂದರು ಹನ್ನೆರಡೂ ಜನ. ಮಾಡು ಮೂರು ಸಲ ಒದರಿತು. ಕೆರೆಯ ದಂಡೆಯವರೆಗೂ ಕೇಳಿ, ಮನೆಯಲ್ಲಿದ್ದ ಹೆಂಗಸರೂ ಮೊರ ಹಿಡಿದು ಓಡಿ ಬಂದರು.

ಮರುದಿನ ಸಂಜೆ ಸಾಹೇಬರು ಬ್ಯಾಟು ಹಿಡಿದು ಬಂದಾಗ, ಅಂಗಣದಲ್ಲಿ ಬಿಳಿ ಗೆರೆಯ ಹೊರಗಿನ ಭತ್ತವೆಲ್ಲ ಮಾಡಿನತ್ತ ಎದ್ದ ದೊಡ್ಡ ರಾಶಿಯಾಗಿತ್ತು. ಸುತ್ತ ಕರೆವ್ವ ಎಳೆದ ಬೂದಿಯ ಗೆರೆ. ಕುಬೇರಪ್ಪ ಸಾಹುಕಾರರೂ ಆ ಗೆರೆಯ ಆಚೆಯೇ ನಿಂತಿದ್ದರು. ಹುಟ್ಟಿದಾಗಿನಿಂದ ನೋಡಿದ ಗೆರೆ, ದಾಟಲು ಕಾಲು ಬರಲಿಲ್ಲ.

"ಯಾವಾಗ ಖಾಲಿ ಮಾಡ್ತೀಬೇ?" ಎಂದು ಕೇಳಿದರು.

ಕರೆವ್ವ ಅಳೆಯುತ್ತಿದ್ದ ಸೇರನ್ನು ಕೆಳಗಿಡಲಿಲ್ಲ. "ತಡೀರಿ ಸಾವ್ಕಾರ್ರ. ಶಾರವ್ವನ ಮೊಳಕಿ ಒಡದದ್ದಕ್ಕ ಬದ್ಲಿ ಅಳದೇನಿ. ಈ ವರ್ಷದ ನನ್ನ ಪಾಲು ಅಳದೇನಿ," ಎಂದಳು. "ಹೋದ ವರ್ಷದ್ದು ಇನ್ನೂ ಬಾಕಿ ಐತಿ."