ಫೋನಿಗೆ ಮಾತ್ರ ಹೇಳಿದ ಮಾತು

ಎರಡು ಸಾವಿರದ ಆರನೆಯ ಇಸವಿಯಲ್ಲಿ ತಗ್ಗಿನಮಟ್ಟಿಯ ಬಸವಣ್ಣನ ಗುಡಿಯಿಂದ ಬೆಳ್ಳಿಯ ಮುಖವಾಡ ಕಳುವಾಯಿತು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿ ಬಿಟ್ಟು ಒಳಕ್ಕೆ ಹೊರಳಿದರೆ ಸಿಗುವ ಊರು ಅದು. ಸುತ್ತಲಿನ ಹಳ್ಳಿಗಳ ಗುಡಿಗಳಲ್ಲೂ ಹೀಗೇ ಆಗಿತ್ತು. ಕಳ್ಳರು ಇಲ್ಲಿನ ಫೋನುಗಳಿಂದಲೇ ಮಾತಾಡಿಕೊಂಡಿದ್ದಾರೆ ಎಂಬ ಅನುಮಾನ ಬಂತು. ತನಿಖೆಗೆಂದು ಹೊರಗಿನಿಂದ ಬಂದ ಪೊಲೀಸ್ ತಂಡವೊಂದು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೀಡುಬಿಟ್ಟಿತು. ಅಂದಿನಿಂದ ಊರಿನವರು ಫೋನಿನಲ್ಲಿ ಆಡಿದ್ದೆಲ್ಲ ಅವರ ಕಿವಿಗೆ ಬೀಳತೊಡಗಿತು.

ಬಸ್‌ ಸ್ಟ್ಯಾಂಡಿನ ಹತ್ತಿರ ಎಸ್.ಟಿ.ಡಿ. ಬೂತ್ ಇಟ್ಟಿದ್ದ ಗುರುಬಸವರಾಜನಿಗೆ ಈ ಸುದ್ದಿ ಮೊದಲು ತಿಳಿಯಿತು. ಊಟಕ್ಕೆ ಕೂತಾಗ ಹೆಂಡತಿ ನಾಗಲಿಂಗಮ್ಮನಿಗೆ ಹೇಳಿದ. ಆಕೆ ರೊಟ್ಟಿ ಬಡಿಸುತ್ತಿದ್ದವಳು ಕೈ ತಡೆದಳು.

"ನಾಕು ಮಂದಿ ಕಳ್ಳರನ್ನ ಹಿಡಿಯಾಕ ಊರ ಮಂದಿದೆಲ್ಲಾ ಕೇಳಬೇಕೇನ್ರಿ?"

"ಕೇಳಲಿ ಬಿಡು. ನಾವೇನು ಕಳ್ಳರಾ? ತಪ್ಪು ಮಾಡದಿದ್ದವರಿಗೆ ಯಾತರ ಅಂಜಿಕಿ?"

ನಾಗಲಿಂಗಮ್ಮನಿಗೆ ಅದೂ ಸರಿಯೆನಿಸಿತು. ಆ ವಾರ ಅವಳ ತಂಗಿಯ ಮಗಳು ಅರ್ಚನಾ ಮನೆಗೆ ಬಂದಿದ್ದಳು. ಹರಪನಹಳ್ಳಿ ಕೋರ್ಟಿನಲ್ಲಿ ವಕೀಲಿ ಮಾಡುವ ಹುಡುಗಿ. ಅವಳು ಮಾತ್ರ ಸುಮ್ಮನಿರಲಿಲ್ಲ.

"ದೊಡ್ಡಪ್ಪ, ಯಾರ ಅಪ್ಪಣಿ ತಗಂಡು ಕೇಳಾಕತ್ಯಾರ ಅಂತ ವಿಚಾರಿಸಿದ್ರೇನು? ಎಷ್ಟು ದಿನ ಕೇಳ್ತಾರಂತ? ಕೇಳಿದ್ದನ್ನ ಎಲ್ಲಿ ಇಡ್ತಾರಂತ?"

"ಸರ್ಕಾರದವರನ್ನ ನಾ ಹೆಂಗ ಕೇಳಾಕ ಆಕ್ಕತಿ, ಯವ್ವಾ? ಗುಡಿ ಬೆಳ್ಳಿ ಸಿಕ್ರ ಸಾಕು" ಎಂದು ಗುರುಬಸವರಾಜ ನಕ್ಕುಬಿಟ್ಟ.

ಅದೇ ಓಣಿಯ ಕೊನೆಯಲ್ಲಿ ಕನಕಮ್ಮನ ಮನೆ. ಅವಳ ಗಂಡ ಲಾರಿ ಓಡಿಸುತ್ತಿದ್ದವನು, ತೀರಿಕೊಂಡು ಬಹಳ ಕಾಲವಾಗಿರಲಿಲ್ಲ. ಕನಕಮ್ಮ ರವಿಕೆ ಹೊಲಿದು ಮಗಳು ಸುಮಂಗಲಾಳನ್ನು ಹಗರಿಬೊಮ್ಮನಹಳ್ಳಿಯ ಹಾಸ್ಟೆಲಿನಲ್ಲಿಟ್ಟು ಕಾಲೇಜು ಓದಿಸುತ್ತಿದ್ದಳು. ಅವಳು ಹೊಲಿದ ರವಿಕೆ ತೋಳಿನಲ್ಲಿ ಒಂದು ಸುಕ್ಕೂ ಬೀಳದೆ ಕೂರುತ್ತಿತ್ತು. ನಾಗಲಿಂಗಮ್ಮನಿಗೆ ಅವಳೆಂದರೆ ಒಡಹುಟ್ಟಿದ ತಂಗಿ ಇದ್ದ ಹಾಗೆ.

ಕನಕಮ್ಮ ಆಗಾಗ ಬೂತಿಗೆ ಬಂದು ಬಾಗಿಲು ಮುಚ್ಚಿಕೊಂಡು ಬಳ್ಳಾರಿಗೆ ಫೋನು ಮಾಡುತ್ತಿದ್ದಳು. ಮಗಳ ಸ್ಕಾಲರ್‌ಶಿಪ್ಪಿನ ವಿಚಾರವಿರಬೇಕೆಂದು ಗಂಡಹೆಂಡಿರು ತಿಳಿದಿದ್ದರು. ಆದರೆ ಆ ಕಡೆ ಮಾತಾಡುತ್ತಿದ್ದವಳು ಅಲ್ಲಿನ ಆಸ್ಪತ್ರೆಯ ಆಪ್ತಸಲಹೆಗಾರ್ತಿ. ಕನಕಮ್ಮನಿಗೆ ಗಂಡನಿಂದ ಎಚ್.ಐ.ವಿ. ತಗುಲಿತ್ತು. ಗುಳಿಗೆ ಶುರುವಾಗಿತ್ತು, ಮೈಗೆ ಒಗ್ಗುತ್ತಿರಲಿಲ್ಲ. ವಾಂತಿಯಾದರೆ ಏನು ಮಾಡಬೇಕು, ಗುಳಿಗೆ ತಪ್ಪಿದರೆ ಏನಾಗುತ್ತದೆ, ಮಗಳಿಗೆ ಯಾವಾಗ ಹೇಳಲಿ ಎಂದೆಲ್ಲ ಅವಳು ಕೇಳುತ್ತಿದ್ದಳು. ಆ ಹೆಣ್ಣುಮಗಳು ಸಮಾಧಾನವಾಗಿ ಹೇಳುತ್ತಿದ್ದಳು.

ಕಳ್ಳರು ಸಿಕ್ಕರು. ಆಂಧ್ರದ ಗಡಿಯ ಸಂತೆಯೊಂದರಲ್ಲಿ ಬೆಳ್ಳಿ ಮಾರಲು ಹೋಗಿ ಸಿಕ್ಕಿಬಿದ್ದರು. ಫೋನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಎಕ್ಸ್‌ಚೇಂಜಿನ ಕೋಣೆ ಖಾಲಿಯಾಗಲಿಲ್ಲ. ನಿಲ್ಲಿಸಿ ಎಂದು ಹೇಳುವವರು ಯಾರೂ ಇರಲಿಲ್ಲ, ಅವರು ಕೇಳುತ್ತಲೇ ಹೋದರು.

ಒಂದು ಬೆಳಿಗ್ಗೆ ಚಹಾದಂಗಡಿಯಲ್ಲಿ ಆ ತಂಡದವನೊಬ್ಬ ಹಲ್ಲು ಕಿರಿದು ಹೇಳಿಬಿಟ್ಟ: "ನಿಮ್ಮೂರ ಟೇಲರಮ್ಮಗ ದೊಡ್ಡ ಜಡ್ಡೈತಂತಲ್ಲ, ಗೊತ್ತಿಲ್ಲೇನು ನಿಮಗ?"

ಮಧ್ಯಾಹ್ನದೊಳಗೆ ಅದು ಓಣಿ ಓಣಿ ತಿರುಗಿತು.

ನಾಗಲಿಂಗಮ್ಮನಿಗೆ ಸುದ್ದಿ ಮುಟ್ಟಿಸಿದವಳು ಸ್ತ್ರೀಶಕ್ತಿ ಸಂಘದ ತಿಪ್ಪೇರುದ್ರಮ್ಮ. ಹೊಲಿಯಲು ಕೊಟ್ಟಿದ್ದ ರವಿಕೆಬಟ್ಟೆಯನ್ನು ಹಾಗೇ ವಾಪಸ್ ತಂದು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ನಾಗಲಿಂಗಮ್ಮ ಓಡಿಹೋದಾಗ ಕನಕಮ್ಮನ ಜಗುಲಿಯ ಮೇಲೆ ಇನ್ನೂ ಇಬ್ಬರು ತಮ್ಮ ಬಟ್ಟೆ ಕೇಳುತ್ತ ನಿಂತಿದ್ದರು. ಕನಕಮ್ಮ ಒಬ್ಬೊಬ್ಬರದೂ ನೀಟಾಗಿ ಮಡಚಿ ಕೊಡುತ್ತಿದ್ದಳು.

ಅವರು ಹೋದ ಮೇಲೆ ನಾಗಲಿಂಗಮ್ಮ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು.

"ಯಾಕ ಕನಕವ್ವ, ನನಗಾದ್ರೂ ಹೇಳಬಾರದಿತ್ತೇನ?"

"ಯಾರಿಗೂ ಹೇಳಿದ್ದಿಲ್ಲ ಅಕ್ಕಾ. ಮಗಳಿಗೂ ಹೇಳಿದ್ದಿಲ್ಲ. ಫೋನಿಗೆ ಮಾತ್ರ ಹೇಳಿದ್ದೆ."

ಯಾರ ಫೋನು ಅದು, ಯಾರ ಬೂತು ಅದು ಎಂಬುದು ನಾಗಲಿಂಗಮ್ಮನಿಗೆ ಗೊತ್ತಿತ್ತು. ಕೇಳುವವರಿದ್ದಾರೆ ಎಂದು ಕನಕಮ್ಮನಿಗೆ ತಾವು ಹೇಳಿರಲಿಲ್ಲ ಎಂಬುದೂ.

ಅಂದಿನಿಂದ ಕನಕಮ್ಮ ಬೂತಿನ ಕಡೆ ಸುಳಿಯಲಿಲ್ಲ. ಮೈತುಂಬ ಗಂಧೆ ಎದ್ದಿತು. ಗುಳಿಗೆಯಿಂದಲೇ ಹೀಗೆ ಆಗುತ್ತಿದೆಯೋ ಏನೋ ಎಂದು ಕೇಳಬೇಕಿತ್ತು, ಕೇಳಲಿಲ್ಲ. ತನ್ನಷ್ಟಕ್ಕೆ ತಾನೇ ಗುಳಿಗೆ ಬಿಟ್ಟಳು.

"ನಾನ ಮಾಡ್ತೀನಿ ಫೋನು, ನಂಬರ್ ಕೊಡು" ಎಂದು ನಾಗಲಿಂಗಮ್ಮ ಗೋಗರೆದಳು.

"ಬ್ಯಾಡಕ್ಕಾ. ಮತ್ತ ಯಾರರ ಕೇಳ್ತಾರ. ಈಗ ನನ್ನ ಮಗಳ ಹೆಸರು ಮಂದಿ ಬಾಯಾಗ ಬಂದ್ರ, ಅದರ ಬಾಳೂ ಹಾಳಾಕ್ಕತಿ."

ಬಸ್ಸಿನಲ್ಲಾದರೂ ಬಳ್ಳಾರಿಗೆ ಹೋಗೋಣವೆಂದರೆ ಎಲ್ಲರೂ ನೋಡುತ್ತಾರೆ ಎಂಬ ಭಯ. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ದಿನ ದೂಡಿದಳು. ಚಳಿಗಾಲದ ಹೊತ್ತಿಗೆ ಜ್ವರ, ಕೆಮ್ಮು ಹಿಡಿದವು. ಕೊನೆಗೆ ನಾಗಲಿಂಗಮ್ಮ ಜೀಪು ಮಾಡಿಸಿ ಕರೆದೊಯ್ದಳು. ಆಸ್ಪತ್ರೆಯ ಆಪ್ತಸಲಹೆಗಾರ್ತಿ ಹೊರಗೆ ಓಡಿಬಂದು, "ಇಷ್ಟು ದಿನ ಯಾಕೆ ಒಂದು ಫೋನೂ ಮಾಡಲಿಲ್ಲಮ್ಮ? ಗುಳಿಗೆ ಬದಲಿಸಿ ಕೊಟ್ಟಿದ್ದರೆ ಒಗ್ಗುತ್ತಿತ್ತಲ್ಲ" ಎಂದು ಅತ್ತಳು. ಮತ್ತೆ ಕನಕಮ್ಮ ಊರಿಗೆ ಬಂದದ್ದು ಹೆಣವಾಗಿ.

ಮಣ್ಣು ಮಾಡಿ ಬಂದ ಮೇಲೆ ಸುಮಂಗಲಾ ಗುರುಬಸವರಾಜನ ಎದುರು ನಿಂತಳು. ಅತ್ತು ಅತ್ತು ಅವಳ ದನಿ ಸತ್ತಿತ್ತು.

"ಮಾಮ, ನಮ್ಮವ್ವ ಏನು ತಪ್ಪು ಮಾಡಿದ್ಲಂತ ಆಕಿ ಮಾತು ಕೇಳಿದ್ರು?"

ಗುರುಬಸವರಾಜ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದ. ಆ ರಾತ್ರಿ ಅವನು ಉಣ್ಣಲಿಲ್ಲ. ಮರುದಿನ ತಾನೇ ಅರ್ಚನಾಳಿಗೆ ಹೇಳಿ ಕಳಿಸಿದ.

ಸಂಘದ ಹೆಂಗಸರೆಲ್ಲ ನಾಗಲಿಂಗಮ್ಮನ ಪಡಸಾಲೆಯಲ್ಲಿ ಕೂಡಿದರು. ಅರ್ಚನಾ ತಿಳಿಯುವ ಹಾಗೆ ಬಿಡಿಸಿ ಹೇಳಿದಳು.

"ಫೋನಿನ್ಯಾಗ ಆಡೋ ಮಾತು ನಮ್ಮ ಸ್ವಂತದ್ದು ಅಂತ ಸುಪ್ರೀಂ ಕೋರ್ಟು ತೊಂಬತ್ತಾರರಾಗ ಹೇಳೇತಿ. ಕೇಳಬೇಕಂದ್ರ ಗೃಹ ಇಲಾಖೆ ಕಾರ್ಯದರ್ಶಿಯಂಥ ದೊಡ್ಡ ಅಧಿಕಾರಿ ಬರವಣಿಗಿ ಮೂಲಕ ಅಪ್ಪಣಿ ಕೊಡಬೇಕು. ಯಾರ ಫೋನು, ಯಾಕ ಅಂತ ಅದರಾಗ ಇರಬೇಕು. ಅವಧಿ ಮುಗಿದ್ರ ನಿಲ್ಲಿಸಬೇಕು. ಕೆಲಸ ಮುಗಿದ ಮ್ಯಾಲೆ ಕೇಳಿದ್ದನ್ನ ನಾಶ ಮಾಡಬೇಕು. ಊರಿಗೆ ಊರನ್ನ ಕೇಳ್ರಿ ಅಂತ ಎಲ್ಲೂ ಇಲ್ಲ."

"ಮತ್ತ ಇವರು ಹೆಂಗ ಕೇಳಿದ್ರು?" ಎಂದಳು ತಿಪ್ಪೇರುದ್ರಮ್ಮ.

"ಯಾರೂ ಪ್ರಶ್ನಿ ಮಾಡ್ಲಿಲ್ಲ, ಅದಕ್ಕ. ಇನ್ನೊಂದು ಕೊರತಿ ಐತಿ. ಅಪ್ಪಣಿ ಕೊಡೋರೂ ಸರ್ಕಾರದವರು, ಸರಿ ಐತೋ ಇಲ್ಲೋ ನೋಡೋರೂ ಸರ್ಕಾರದವರು. ಹೊರಗಿನ ನ್ಯಾಯಾಧೀಶರು ನೋಡಂಗಾಗಬೇಕು. ಮಾತು ಹೊರಗ ಬಿಟ್ಟವರಿಗೆ ಶಿಕ್ಷೆ ಆಗಬೇಕು. ಹಂಗ ಕಾನೂನು ಗಟ್ಟಿ ಮಾಡ್ರಿ ಅಂತ ನಾವು ಬೇಡಬೇಕು."

"ಕಳ್ಳರನ್ನ ಹಿಡಿಯೋದು ಬ್ಯಾಡೇನು ಹಂಗಾದ್ರ?" ಎಂದಿತು ಮೂಲೆಯಿಂದ ಒಂದು ದನಿ.

ಉತ್ತರ ಕೊಟ್ಟವನು ಗುರುಬಸವರಾಜ. "ಹಿಡೀಲಿ. ಅನುಮಾನ ಇದ್ದವನ ಫೋನು ಕೇಳಲಿ, ಅಪ್ಪಣಿ ತಗಂಡು ಕೇಳಲಿ. ನಾನೂ ಮೊದಲು ನಿಮ್ಮಂಗ ಅಂದಿದ್ದೆ. ಕನಕವ್ವ ಯಾವ ತಪ್ಪೂ ಮಾಡಿದ್ದಿಲ್ಲ. ಆಕೀದು ಒಂದು ಗುಟ್ಟಿತ್ತು, ಅಷ್ಟ. ಗುಟ್ಟು ಯಾರಿಗಿಲ್ಲ ಹೇಳ್ರಿ?"

ಒಬ್ಬೊಬ್ಬರೂ ತಮ್ಮ ಮನೆಯ ಯಾವುದೋ ಮಾತನ್ನು ನೆನೆಸಿಕೊಂಡಂತಿತ್ತು. ತಿಪ್ಪೇರುದ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಹೊಲಿದ ಬಟ್ಟಿಯಿಂದ ಆ ಜಡ್ಡು ಬರಂಗಿಲ್ಲ ಅಂತ ಗೊತ್ತಿದ್ದೂ ನಾ ಬಟ್ಟಿ ವಾಪಸ್ ತಂದೆ" ಎಂದು ಗೋಳಾಡಿದಳು. ಅರ್ಚನಾ ಬರೆದ ಮನವಿಗೆ ಮೊದಲು ಸಹಿ ಹಾಕಿದವನು ಗುರುಬಸವರಾಜ, ಆಮೇಲೆ ತಿಪ್ಪೇರುದ್ರಮ್ಮ.

ಮನವಿ ಜಿಲ್ಲೆಗೆ ಹೋಯಿತು, ಬೆಂಗಳೂರಿಗೂ ಹೋಯಿತು. ಎಕ್ಸ್‌ಚೇಂಜಿನ ಕೋಣೆ ಖಾಲಿಯಾಯಿತು. ಚಹಾದಂಗಡಿಯಲ್ಲಿ ಬಾಯಿಬಿಟ್ಟವನನ್ನು ಬೇರೆ ಕಡೆ ಹಾಕಿದರು, ಅಷ್ಟೇ. ಕೇಳಿಸಿಕೊಂಡ ಮಾತುಗಳನ್ನು ಅಳಿಸಿದರೋ, ಎಲ್ಲಿಯಾದರೂ ಇಟ್ಟಿದ್ದಾರೋ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾಗಲಿಂಗಮ್ಮ ಸಂಘದ ಹೆಸರಿನಲ್ಲಿ ಮತ್ತೆ ಬರೆಸಿದ್ದಾಳೆ. ಸುಮಂಗಲಾ ಪರೀಕ್ಷೆಗೆ ಕೂತಿದ್ದಾಳೆ. ರಜೆಗೆ ಬರುವುದು ನಾಗಲಿಂಗಮ್ಮನ ಮನೆಗೇ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಯಾರೋ ಒಬ್ಬರು ಬಾಗಿಲು ಮುಚ್ಚಿಕೊಂಡು ಡಾಕ್ಟರಿಗೆ, ತವರಿಗೆ, ವಕೀಲರಿಗೆ ಫೋನು ಮಾಡುತ್ತಿರುತ್ತಾರೆ. ಆ ಮಾತು ಅವರದು. ಇನ್ನು ಮುಂದೆ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ನಾವು ಬರೆಯುವುದೂ ಆಡುವುದೂ ಹೆಚ್ಚಲಿದೆ, ಕದ್ದು ಕೇಳುವ ದಾರಿಗಳೂ ಹೆಚ್ಚಲಿವೆ. ಹೆದರಿ ಚಿಕಿತ್ಸೆ ಬಿಡಬೇಡಿ. ಯಾರದಾದರೂ ಗುಟ್ಟು ಕಿವಿಗೆ ಬಿದ್ದರೆ ನಿಮ್ಮಲ್ಲೇ ನಿಲ್ಲಿಸಿ. ಫೋನು ಕೇಳುತ್ತಿದ್ದಾರೆಂದು ತಿಳಿದರೆ, ಯಾರ ಅಪ್ಪಣೆ, ಎಷ್ಟು ದಿನ, ಯಾವ ಕಾರಣಕ್ಕೆ ಎಂದು ಬರವಣಿಗೆಯಲ್ಲಿ ವಿಚಾರಿಸಿ. ಮತ ಕೇಳಲು ಬಂದವರನ್ನು ಈ ಕಾನೂನು ಯಾವಾಗ ತಿದ್ದುತ್ತೀರಿ ಎಂದು ನಿಲ್ಲಿಸಿ ಕೇಳಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ. ಇನ್ನೊಬ್ಬ ತಾಯಿ ಫೋನಿಗೆ ಹೆದರಿ ಸಾಯುವುದು ಬೇಡ.