ಹ್ಯಾಂಗ್ ಆಗದ ಲ್ಯಾಪ್‌ಟಾಪ್

ಮತ್ತೆ ಗೊರಗುಟ್ಟುತ್ತಿದೆ ಫ್ಯಾನು, ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ, ನೆಗಡಿಯಾದ ಮುದುಕನ ಮೂಗಿನ ಹಾಗೆ, ಕೀಲು ಮುರಿದ ಪರದೆಯನ್ನು ದಿಂಬಿಗೆ ಒರಗಿಸಿ ಕೂತ ತಮ್ಮ ಅದರ ತಳಕ್ಕೆ ಅಂಗೈ ಇಟ್ಟು ನೋಡಿದ, ಕಾದ ಕಾವಲಿ, ಇನ್ನೆಷ್ಟು ದಿನ ಬಾಳೀತು — ಗಟ್ಟಿಯಾದ ಒಂದು ಸಿಸ್ಟಮ್ ಹಾಕಿ ಪುಣ್ಯ ಕಟ್ಕೊಳಪ್ಪ, ಪದೇ ಪದೇ ಹ್ಯಾಂಗ್ ಆಗಬಾರದು, ಅಷ್ಟೇ, ಎಂದಿದ್ದಳು ಅತ್ತಿಗೆ ಬಾಗಿಲಲ್ಲೇ ನಿಂತು, ಅಷ್ಟೇ ಅಂದರೆ ಅಷ್ಟೇ, ಎಳ್ಳಷ್ಟು ಹೆಚ್ಚು ಯಾಕೆ ಕೊಡಬೇಕು. ಮಂಚದ ಮೇಲೆ ಅಣ್ಣ, ಕಣ್ಣು ಮಾತ್ರ ಇವನ ಕೈಯ ಹಿಂದೆಯೇ ಓಡಾಡುತ್ತಿದೆ, ಪಾರ್ಶ್ವವಾಯು ಬಡಿದು ನಾಲಿಗೆ ಬಿದ್ದುಹೋದ ಮೇಲೆ ಅಣ್ಣನ ಬಾಯಿ ಎಂದರೆ ಈ ಡಬ್ಬವೇ, ಎಡಗೈಯ ಒಂದೇ ಬೆರಳಲ್ಲಿ ಕುಟ್ಟುತ್ತಾನೆ, ಕೊನೆಗೊಂದು ಕೀ ಒತ್ತಿದರೆ ಒಳಗಿನಿಂದ ಒಂದು ಹೆಂಗಸಿನ ದನಿ ಅದನ್ನು ಓದಿ ಹೇಳುತ್ತದೆ, ಹೇಳುವುದಾದರೂ ಏನು, ಹೋದ ತಿಂಗಳು ವ್ಯಾಯಾಮ ಮಾಡಿಸಲು ಬಂದ ನರ್ಸಮ್ಮನ ಎದುರಿಗೇ, ಇವನು ನನ್ನ ತಮ್ಮ, ದಂಡಪಿಂಡ, ಅಷ್ಟರಲ್ಲಿ ಹ್ಯಾಂಗ್ ಆಗಿ ದಂಡ ದಂಡ ದಂಡ ದಂಡ, ನರ್ಸಮ್ಮ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು, ಇವನೇ ಎದ್ದು ಸ್ವಿಚ್ ಆರಿಸಬೇಕಾಯಿತು. ಹುಟ್ಟುಗುಣ ಸುಟ್ಟರೂ ಹೋಗದಂತೆ. ನಾಲಿಗೆ ನೆಟ್ಟಗಿದ್ದ ಕಾಲದಲ್ಲಿ ಇನ್ನೂ ಸೊಗಸು, ಇವನಿಗೆ ಮಗಳನ್ನು ಕೊಡುವ ಮಾತಿಗೆ ಒಂದು ಹುಡುಗಿಯ ಅಪ್ಪ ಇದೇ ಮನೆಗೆ ಬಂದು ಕೂತಿದ್ದಾಗ, ಇವನು ಕಾಫಿ ಲೋಟ ಹಿಡಿದು ನಿಂತಿದ್ದಾಗ, ಏನ್ರೀ, ಮಗಳು ನಿಮಗೆ ಅಷ್ಟೊಂದು ಭಾರ ಆಗಿದಾಳಾ, ಅಂದಿದ್ದ ಅಣ್ಣ, ಎಲ್ಲರೂ ನಕ್ಕರು, ಆ ಅಪ್ಪನೂ ನಕ್ಕ, ನಕ್ಕು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ, ಅವಳೂ.

ಜೇಬಿನಲ್ಲಿ ಎರಡು ಪೆನ್‌ಡ್ರೈವ್. ಹೊಸದಾಗಿ ಬಂದ ದೊಡ್ಡ ಸಿಸ್ಟಮ್ಮನ್ನು ಇದು ಹೊರಲಾರದು, ಆ ಮಾತು ಬಿಡು, ಎರಡರಲ್ಲೂ ಇರುವುದು ಲಿನಕ್ಸ್ ಎಂಬ ಹಗುರದ ಸಿಸ್ಟಮ್ಮೇ, ಒಂದರಲ್ಲಿ ಓದಿ ಹೇಳುವ ದನಿಯುಂಟು, ಇನ್ನೊಂದರಲ್ಲಿ ಇಲ್ಲ, ಹೋದ ವಾರ ಅಣ್ಣ ಮಲಗಿದ್ದಾಗ ದನಿಯಿರುವುದನ್ನೇ ಪೆನ್‌ಡ್ರೈವಿನಿಂದ ನಡೆಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೇಕೆಂದೇ ಹತ್ತಾರು ಫೈಲು ತೆರೆದು ಕಾಡಿಸಿದ್ದ, ಕೆಮ್ಮಲಿಲ್ಲ ಕೂಡ, ಗಂಟೆ ಹೊಡೆದ ಹಾಗೆ ಮಾತಾಡಿತು. ಅದೇ ತಪ್ಪಾಯಿತು, ಇನ್ನು ಆಗಲ್ಲ ಎನ್ನಲು ನಿಜವಾದ ನೆಪವೇ ಉಳಿಯಲಿಲ್ಲ. ಇವತ್ತು ಹಳೆಯದನ್ನು ಅಳಿಸುವ ಮೊದಲು ಅಣ್ಣ ಬೆರಳಾಡಿಸಿ ಹೇಳಿಸಿದ್ದು ಒಂದೇ ಮಾತು, ದನಿ ತೆಗೀಬೇಡ, ಆಯ್ತಣ್ಣ ಎಂದ ಇವನು, ಎಂದು, ಜೇಬಿಗೆ ಕೈ ಹಾಕಿ, ದನಿಯಿಲ್ಲದ ಇನ್ನೊಂದನ್ನೇ ಚುಚ್ಚಿದ, ಡಿಸ್ಕ್ ಪೂರ್ತಿ ಅಳಿಸಲೇ ಎಂದು ಕೇಳಿತು, ಅಳಿಸು, ನಿಜವಾಗಿಯೂ ಅಳಿಸಲೇ, ಅಯ್ಯೋ ಅಳಿಸು ಮಾರಾಯ, ಹಿತವಾಗಿಯೇ ಇತ್ತು. ಆ ದನಿ ಈ ಹಳೇ ಮಷೀನಿಗೆ ಒಗ್ಗಲ್ಲ ಅತ್ತಿಗೆ, ಸ್ಟೇಬಲ್ ಬೇಕಂದ್ರೆ ಇಷ್ಟೇ, ಅತ್ತಿಗೆ ಸೆರಗಿಗೆ ಕೈ ಒರೆಸುತ್ತಾ, ಹೋಗಲಿ ಬಿಡಪ್ಪ, ನಂಗೂ ಕೇಳಿ ಕೇಳಿ ಸಾಕಾಗಿತ್ತು, ಎಂದು ಒಳಗೆ ಹೋದಳು, ಪಾತ್ರೆ ಸದ್ದು, ನಲ್ಲಿ ಸದ್ದು. ಈಗ ಲ್ಯಾಪ್‌ಟಾಪ್ ಅಣ್ಣನ ತೊಡೆಯ ಮೇಲಿದೆ, ಚಕ್ಕನೆ ತೆರೆದುಕೊಂಡಿತು, ಪಾಪ ಎಷ್ಟು ಚುರುಕು, ಬೆರಳು ಕುಟ್ಟಿತು, ನೀರು, ಆಮೇಲೆ ಕೊನೆಯ ಕೀ, ಸದ್ದಿಲ್ಲ, ಮತ್ತೆ ಒತ್ತಿತು, ಏನಾದ್ರೂ ಬೇಕಂತಾ ನೋಡಪ್ಪ, ಅಡುಗೆಮನೆಯಿಂದ ಅತ್ತಿಗೆ, ಏನಿಲ್ಲ ಅತ್ತಿಗೆ, ಅಣ್ಣ ಸುಮ್ನೆ ಒತ್ತಿ ನೋಡ್ತಿದಾನೆ — ಅಂದದ್ದು ತಾನೇ, ಬಾಯಿ ತುಂಬಾ, ಅಣ್ಣನ ಕಿವಿಗೇನೂ ಆಗಿಲ್ಲ, ಆ ಕಣ್ಣು ಪರದೆ ಬಿಟ್ಟು ಇವನ ಮುಖಕ್ಕೆ ಬಂತು, ಗೊತ್ತಾಯಿತು, ಗೊತ್ತಾಗಲಿ, ಎಷ್ಟು ವರ್ಷ ಕಾದಿದ್ದ ಇದಕ್ಕೆ, ಈಗ ಖುಷಿಯಾಗಬೇಕು, ಎಲ್ಲಿ, ಹೆದರಿಕೆಯಾಗುತ್ತಿದೆ, ಎದ್ದು ಒಂದು ಲೋಟ ನೀರು ತಂದರಾಯಿತು, ತರುತ್ತಾನೆ, ಮೊದಲು ಆ ಬೆರಳು ನಿಲ್ಲಲಿ, ನಿಲ್ಲುತ್ತಿಲ್ಲ, ಕಣ್ಣು ಇವನ ಮೇಲೆಯೇ ನೆಟ್ಟಿದೆ, ಬೆರಳು ಎದ್ದು ಒತ್ತುತ್ತದೆ, ಸದ್ದಿಲ್ಲ, ಎದ್ದು ಒತ್ತುತ್ತದೆ, ಆ ಬೆರಳು, ಆ ಬೆರಳು