ಲವಂಗದ ಸುತ್ತ ಬಯಲು

ಹುಣಸೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದ ಸಂಘಮಿತ್ರಳಿಗೆ ಅರಿಶಿನದ ಮೇಲೆ ಎಲ್ಲಿಲ್ಲದ ನಂಬಿಕೆ. ಗಾವಡಗೆರೆಯ ಅಜ್ಜಿ ಕೆಂಪಾಜಮ್ಮ ಹಿತ್ತಲಲ್ಲಿ ಬೆಳೆದು, ಬೇಯಿಸಿ, ಒಣಗಿಸಿ ಕುಟ್ಟಿದ ಅರಿಶಿನ ಅದು. ಮನೆಯಲ್ಲಿ ಯಾರಿಗೆ ಗಾಯವಾದರೂ ಮೊದಲು ಮೆತ್ತುತ್ತಿದ್ದುದು ಅದನ್ನೇ. ಹಾಗಾಗಿ ಬೆಂಗಳೂರಿನ ಬಾಹ್ಯಾಕಾಶ ಸಂಸ್ಥೆಯೊಂದು ಕಾಲೇಜು ಮಕ್ಕಳಿಂದ ಪ್ರಯೋಗಗಳನ್ನು ಕರೆದು, ಆಯ್ಕೆಯಾದದ್ದನ್ನು ರಾಕೆಟ್ಟಿನಲ್ಲಿ ಕಳಿಸುತ್ತೇವೆ ಎಂದಾಗ ಅವಳು ಹಿಂದೆಮುಂದೆ ನೋಡದೆ ಹೆಸರು ಕೊಟ್ಟಳು. ಗಗನನೌಕೆಯಲ್ಲಿ ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆಯುವಂತಿಲ್ಲ, ಕಿಟಕಿ ತೆಗೆದು ಗಾಳಿಯಾಡಿಸುವಂತಿಲ್ಲ. ಬ್ಯಾಕ್ಟೀರಿಯಾ ಮಾತ್ರ ಅಲ್ಲೂ ಬೆಳೆಯುತ್ತದೆ. ಅದನ್ನು ಒರೆಸಿ ಕೊಲ್ಲಲು ಅಡುಗೆಮನೆಯ ಅರಿಶಿನ ಸಾಲದೇ?

ಅಜ್ಜಿ ಊರೆಲ್ಲ ಸಾರಿಬಿಟ್ಟಳು. "ನಮ್ಮ ಅರಿಸ್ನ ಆಕಾಸಕ್ಕೋಯ್ತದೆ ಕಣ್ರೀ!"

ಪ್ರಯೋಗ ಕಷ್ಟದ್ದೇನಲ್ಲ. ಗಾಜಿನ ತಟ್ಟೆಯಲ್ಲಿ ಹಾಲುಬಾಯಿಯಂತೆ ಹೆಪ್ಪುಗಟ್ಟಿಸಿದ ಆಹಾರ, ಅದರ ಮೇಲೆ ಸವರಿದ ಬ್ಯಾಕ್ಟೀರಿಯಾ, ನಡುವೆ ಅರಿಶಿನದ ನೀರಿನಲ್ಲಿ ಅದ್ದಿದ ಕಾಗದದ ಬಿಲ್ಲೆ. ಅರಿಶಿನ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಬಯಲಾಗಿ ಉಳಿಯಬೇಕು. ಮಾರನೆಯ ದಿನ ನೋಡಿದರೆ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಮಂಜಿನಂತೆ ಕವಿದಿತ್ತು. ಮತ್ತೆ ಮಾಡಿದಳು. ಮತ್ತೆ ಅದೇ.

"ಅರಿಶಿನ ನೀರಲ್ಲಿ ಕರಗೋದೇ ಅಷ್ಟಕ್ಕಷ್ಟೆ," ಎಂದರು ಅವಳ ಅಧ್ಯಾಪಕಿ ಹೇಮಶ್ರೀ. "ಬೇರೆ ಮಸಾಲೆನೂ ಪಕ್ಕದಲ್ಲಿಟ್ಟು ನೋಡು."

ಓಮ, ಮೆಣಸು, ಚಕ್ಕೆ, ಲವಂಗ ಎಲ್ಲವನ್ನೂ ಇಟ್ಟಳು. ಲವಂಗದೆಣ್ಣೆಯ ಬಿಲ್ಲೆಯ ಸುತ್ತ ನಾಣ್ಯದಗಲ ಬಯಲು! ಅಷ್ಟು ಚೊಕ್ಕ ಬಯಲನ್ನು ಅವಳು ಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದಳು.

ಭಾನುವಾರ ಗಾವಡಗೆರೆಗೆ ಹೋಗಿ ಅಜ್ಜಿಗೆ ತಿಳಿಸಿದಳು. ಅಜ್ಜಿಯ ಮುಖ ಚಿಕ್ಕದಾಯಿತು.

"ಊರ್ಗೆಲ್ಲಾ ಯೋಳ್ಬುಟ್ಟಿವ್ನಿ ಕಣವ್ವ. ಅರಿಸ್ನ ಅಂತ್ಲೇ ಬರ್ದ್ಬುಡು, ಯಾರ್ ಬಂದ್ ನೋಡ್ತಾರೆ?"

"ಇಲ್ಲ ಅಜ್ಜಿ. ತಟ್ಟೇಲಿ ಏನ್ ಕಾಣ್ತೋ ಅದನ್ನೇ ಬರೀಬೇಕು."

ಅಜ್ಜಿ ಎದ್ದು ಒಳಗೆ ತಟ್ಟೆ ಹಾಕಿ ಬಂದಳು. ಆಮೇಲೆ, "ಆಗ್ಲಿ ಬುಡು, ಉಣ್ಣೋಗು," ಎಂದಳು.

ಇನ್ನೊಂದು ತೊಡಕಿತ್ತು. ಭೂಮಿಯ ಮೇಲೆ ಎಲ್ಲವೂ ತಳಕ್ಕೆ ಇಳಿಯುತ್ತದೆ. ಅಂತರಿಕ್ಷದಲ್ಲಿ ತಳ ಎಂಬುದೇ ಇಲ್ಲ. ಆದರೆ ದ್ರವ ತುಂಬಿದ ಗಾಜಿನ ಕೊಳವೆಯನ್ನು ಇಲ್ಲೇ ನಿಧಾನವಾಗಿ, ಬಿಡದೆ ತಿರುಗಿಸುತ್ತಿದ್ದರೆ ಒಳಗಿನ ಬ್ಯಾಕ್ಟೀರಿಯಾ ತಳ ಸೇರದೆ, ಅಂತರಿಕ್ಷದಲ್ಲಿದ್ದಂತೆಯೇ ತೇಲುತ್ತಿರುತ್ತದೆ. ಅದಕ್ಕೊಂದು ಯಂತ್ರ ಬೇಕು. ಅವಳ ಅಪ್ಪ ನಿಂಗರಾಜು ಬಸ್‌ಸ್ಟ್ಯಾಂಡ್ ಹತ್ತಿರ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ.

"ಎಷ್ಟ್ ನಿಧಾನ? ರಾಗಿ ಬೀಸೋ ಕಲ್ಲಿನಂಗಾ?"

"ಅದಕ್ಕಿಂತ ನಿಧಾನ ಅಪ್ಪ. ಜೊತೆಗೆ ಅಲುಗಾಡಬಾರದು."

ಮೊದಲು ಹಾಕಿದ ಮೋಟಾರು ಕಾದು ಸುಟ್ಟುಹೋಯಿತು. ಎರಡನೆಯದು ಕುಂಟಿತು. ಕೊನೆಗೆ ನಿಂಗರಾಜು ಕೆಟ್ಟ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಪುಟ್ಟ ಮೋಟಾರನ್ನು ಬಿಚ್ಚಿ ಕೂರಿಸಿದಾಗ ಕೊಳವೆಗಳು ಹದವಾಗಿ ತಿರುಗತೊಡಗಿದವು. ಪಕ್ಕದಲ್ಲೇ ಅಂಥವೇ ಕೊಳವೆಗಳನ್ನು ಸಂಘಮಿತ್ರ ಸುಮ್ಮನೆ ನಿಲ್ಲಿಸಿಟ್ಟಳು. ಎರಡಕ್ಕೂ ಒಂದೇ ಅಳತೆಯ ಲವಂಗದೆಣ್ಣೆ.

ನಿಂತ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಸತ್ತಿತು. ತಿರುಗಿದ್ದರಲ್ಲಿ ಅಷ್ಟಿಷ್ಟು ಉಳಿದುಕೊಂಡಿತು. ಎಷ್ಟು ಸಲ ಮಾಡಿದರೂ ಹಾಗೇ ಆದಾಗ, ಅದನ್ನೂ ಇದ್ದದ್ದಿದ್ದಂತೆ ಬರೆದಳು.

ಆಯ್ಕೆಯ ದಿನ ಬೆಂಗಳೂರಿನ ಆ ಸಂಸ್ಥೆಯ ಸಭಾಂಗಣದಲ್ಲಿ ಅವಳಿಗಿಂತ ಮೊದಲು ಮಾತಾಡಿದವರೆಲ್ಲರ ಪ್ರಯೋಗಗಳೂ ಗೆದ್ದಿದ್ದವು. ಇವಳ ಸರದಿ ಮುಗಿದಾಗ ತೀರ್ಪುಗಾರರಲ್ಲಿ ಹಿರಿಯ ವಿಜ್ಞಾನಿಯೊಬ್ಬರು ಕನ್ನಡಕ ತೆಗೆದು ಕೇಳಿದರು: "ಅರಿಶಿನ ಸೋತಿತು, ಲವಂಗ ಅರ್ಧ ಗೆದ್ದಿತು ಅಂತೀರಿ. ಮತ್ತೆ ನಿಮ್ಮದನ್ನ ಯಾಕೆ ಕಳಿಸಬೇಕು?"

ಸಂಘಮಿತ್ರ ಮೇಜಿನ ಮೇಲಿದ್ದ ಯಂತ್ರದತ್ತ ಕೈ ತೋರಿಸಿದಳು.

"ಅದಕ್ಕೇ ಕಳಿಸಬೇಕು ಮೇಡಂ. ಕೆಳಗೆ ಸಾಕಾಗೋ ಅಳತೆ ಮೇಲೆ ಸಾಕಾಗಲ್ಲ ಅಂತ ನಮ್ಮ ಯಂತ್ರ ಹೇಳ್ತಿದೆ. ನಿಜಾನೋ ಸುಳ್ಳೋ ಅಲ್ಲೇ ನೋಡ್ಬೇಕು. ಸಾಕು ಅಂದ್ಕೊಂಡು ಒರೆಸಿ, ಅಲ್ಲಿರೋರಿಗೆ ಕಾಯಿಲೆ ಬಂದ್ರೆ ಯಾವ ಆಸ್ಪತ್ರೆಗೆ ಹೋಗ್ತಾರೆ?"

ಅವರು ನಕ್ಕರು. "ಯಂತ್ರ ಎಲ್ಲಿಂದ ತರಿಸಿದ್ದು?"

"ನಮ್ಮಪ್ಪ ಮಾಡಿದ್ದು ಮೇಡಂ. ಅಲ್ಲಿ ಹಿಂದೆ ಕೂತಿದ್ದಾರೆ."

ಎಲ್ಲರೂ ತಿರುಗಿ ನೋಡಿದರು. ನಿಂಗರಾಜು ಎದ್ದು ನಿಂತು, ಏನು ಮಾಡಬೇಕೆಂದು ತೋಚದೆ, ಸುತ್ತಲೂ ಕೈಮುಗಿದ.

ಮಧ್ಯಾಹ್ನ ಆಯ್ಕೆಯಾದವರ ಹೆಸರು ಓದಿದರು. ಹುಣಸೂರು ಎಂಬ ಮಾತು ಕಿವಿಗೆ ಬಿದ್ದದ್ದೇ ಹೇಮಶ್ರೀ ಅವಳ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಲವಂಗದ ಪ್ರಯೋಗ ಮುಂದಿನ ರಾಕೆಟ್ಟಿನಲ್ಲಿ ಹೋಗುವುದೆಂದು ನಿಶ್ಚಯವಾಯಿತು.

ಹೊರಗೆ ಬಂದಾಗ ನಿಂಗರಾಜುವಿನ ಕಣ್ಣು ತೇವವಾಗಿತ್ತು. "ಸೋತಿದ್ನೂ ಯೋಳ್ದೆ, ಗೆದ್ದಿದ್ನೂ ಯೋಳ್ದೆ. ಎದೆ ತುಂಬೋಯ್ತು ಕಣ್ ಮಗಾ."

ಊರಿಗೆ ಮರಳುವ ಬಸ್ಸಿನಲ್ಲಿ ಯಂತ್ರ ಅವಳ ತೊಡೆಯ ಮೇಲಿತ್ತು. ಪಕ್ಕದ ಸೀಟಿನ ಹೆಂಗಸು, "ಅದೇನಮ್ಮ?" ಎಂದು ಕೇಳಿದಳು. ಹೊಸಬರೊಡನೆ ಎರಡು ಮಾತಾಡಲೂ ಹಿಂಜರಿಯುತ್ತಿದ್ದ ಸಂಘಮಿತ್ರ ಮೊದಲಿನಿಂದ ಶುರುಮಾಡಿದಳು. ಬಸ್ಸು ಶ್ರೀರಂಗಪಟ್ಟಣ ದಾಟಿದರೂ ಅವಳ ಮಾತು ನಿಂತಿರಲಿಲ್ಲ.